ಸಿಎನ್‌ಸಿ ಲೇತ್‌ನಲ್ಲಿ ಗುಂಡು ಯಾಕೆ ಗುಂಡಗೆ ಬರುವುದಿಲ್ಲ

ಹೊರ ವ್ಯಾಸ ಮೈಕ್ರೋಮೀಟರ್‌ನಲ್ಲಿ ಸರಿಯಾಗಿ 20.00 ಮಿ.ಮೀ. ತೋರಿಸುತ್ತದೆ. ಫೇಸಿಂಗ್ ಮಾಡಿದ, ಅಂದರೆ ತುದಿಯನ್ನು ಚಪ್ಪಟೆಯಾಗಿ ಕಡಿದ, ಮುಖವೂ ಚೆನ್ನಾಗಿದೆ. ಆದರೆ ಅದೇ ರಾಡಿನ ತುದಿಗೆ 10 ಮಿ.ಮೀ. ರೇಡಿಯಸ್‌ನ ಅರ್ಧಗೋಳ ಕೊಡಲು ಹೋದರೆ ಭುಜ ಉಬ್ಬಿಕೊಳ್ಳುತ್ತದೆ, ತುದಿಯಲ್ಲಿ ಮೊಳೆಯಂಥದ್ದು ಉಳಿಯುತ್ತದೆ, ರೇಡಿಯಸ್ ಗೇಜ್ ಇಟ್ಟರೆ ಬೆಳಕು ಸೋರುತ್ತದೆ. ಮಿನಿ ಲೇತ್‌ಗೆ ಸ್ಟೆಪ್ಪರ್ ಮೋಟರ್ ಕೂರಿಸಿ ಸಿಎನ್‌ಸಿ ಮಾಡಿಕೊಂಡವರಲ್ಲಿ ಹೆಚ್ಚಿನವರಿಗೆ ಎದುರಾಗುವ ತೊಂದರೆ ಇದು. ಇದನ್ನು ಕಂಡ ಕೂಡಲೇ ಸ್ಲೈಡನ್ನು ಓಡಿಸುವ ಬಾಲ್‌ಸ್ಕ್ರೂ ಬದಲಿಸಲು ಹೊರಡುವವರೇ ಜಾಸ್ತಿ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ತಪ್ಪು ಬಾಗಿನ ಯಾವ ಜಾಗದಲ್ಲಿದೆ ಅನ್ನುವುದನ್ನು ಮೊದಲು ಅಳೆಯಿರಿ. ಕಾರಣ ಬಹುಪಾಲು ಅಲ್ಲೇ ಗೊತ್ತಾಗುತ್ತದೆ.

ಅಳೆಯಲು ಒಂದು ಟೆಸ್ಟ್ ಪೀಸ್

25 ಮಿ.ಮೀ. ಅಲ್ಯೂಮಿನಿಯಂ ರಾಡ್ ತೆಗೆದುಕೊಳ್ಳಿ. ಚಕ್‌ನಿಂದ 35 ಮಿ.ಮೀ.ಗಿಂತ ಹೆಚ್ಚು ಹೊರಗೆ ಬಿಡಬೇಡಿ. 20 ಮಿ.ಮೀ. ವ್ಯಾಸಕ್ಕೆ ಟರ್ನ್ ಮಾಡಿ, ತುದಿಗೆ 10 ಮಿ.ಮೀ. ರೇಡಿಯಸ್ ಕೊಡಿ. ಎಕ್ಸ್ ಅಂದರೆ ಟೂಲ್ ರಾಡಿನ ಅಡ್ಡಕ್ಕೆ ಚಲಿಸುವ ದಿಕ್ಕು, ಝಡ್ ಅಂದರೆ ಉದ್ದಕ್ಕೆ. ಜಿ18 (ಎಕ್ಸ್-ಝಡ್ ಸಮತಲ), ಜಿ90 (ಸೊನ್ನೆಯಿಂದ ಅಳೆಯುವ ಸ್ಥಾನ), ಜಿ91.1 (ಬಾಗಿನ ಕೇಂದ್ರ ಆರಂಭ ಬಿಂದುವಿನಿಂದ) ಹಾಕಿ, ಎಕ್ಸ್ ಅನ್ನು ವ್ಯಾಸವಾಗಿ ಬರೆಯುವ ವ್ಯಾಸದ ಮೋಡ್‌ನಲ್ಲಿ ಬರೆದರೆ ಎಕ್ಸ್0 ಝಡ್0 ಬಿಂದುವಿನಿಂದ ಸಾಲು ಹೀಗಿರುತ್ತದೆ: ಜಿ03 ಎಕ್ಸ್20 ಝಡ್−10 ಐ0 ಕೆ−10.

ಇನ್ನು ಎರಡು ರಿಂಗ್ ಮಾಡಿಕೊಳ್ಳಿ. ದಪ್ಪ ನಿಖರವಾಗಿ 5.00 ಮಿ.ಮೀ. ಇರಲಿ. ಒಂದರ ತೂತನ್ನು 12 ಮಿ.ಮೀ. ರೀಮರ್‌ನಲ್ಲಿ, ಇನ್ನೊಂದರದ್ದನ್ನು 16 ಮಿ.ಮೀ. ರೀಮರ್‌ನಲ್ಲಿ ಮುಗಿಸಿ. ತೂತಿನ ಅಂಚಿಗೆ ಚ್ಯಾಂಫರ್ ಕೊಡಕೂಡದು, ಬರ್ ಮಾತ್ರ ಸಣ್ಣ ಕಲ್ಲಿನಲ್ಲಿ ಸವರಿ ತೆಗೆಯಿರಿ. ರಿಂಗನ್ನು ಗೋಳದ ಮೇಲೆ ಕೂರಿಸಿ, ರಿಂಗಿನ ಹೊರಮುಖದಿಂದ ಗೋಳದ ತುದಿಗೆ ಎಷ್ಟು ಆಳ ಅಂತ ಡೆಪ್ತ್ ಮೈಕ್ರೋಮೀಟರ್‌ನಲ್ಲಿ ನೋಡಿ. 10 ರೇಡಿಯಸ್‌ನ ನಿಜವಾದ ಗೋಳದಲ್ಲಿ ವ್ಯಾಸ 12 ಆಗುವುದು ತುದಿಯಿಂದ ಸರಿಯಾಗಿ 2 ಮಿ.ಮೀ. ಒಳಗೆ, 16 ಆಗುವುದು 4 ಮಿ.ಮೀ. ಒಳಗೆ. ಹಾಗಾಗಿ ಮೊದಲ ರಿಂಗ್‌ನಲ್ಲಿ 3.00, ಎರಡನೆಯದರಲ್ಲಿ 1.00 ಬರಬೇಕು. ವ್ಯಾಸ 20, ಈ ಎರಡು ಆಳ, ಒಟ್ಟು ಮೂರೇ ಅಳತೆ. ರೇಡಿಯಸ್ ಗೇಜ್ ತಪ್ಪಿದೆ ಅಂತ ಮಾತ್ರ ಹೇಳುತ್ತದೆ, ಎಷ್ಟು ತಪ್ಪಿದೆ ಅಂತ ಹೇಳುವುದು ಈ ರಿಂಗ್‌ಗಳೇ.

ಅಳೆದ ಮೇಲೆ ಇನ್ನೊಂದು ಪೀಸ್ ಹಾಕಿ, ಅದೇ ಪ್ರೋಗ್ರಾಂ ಅನ್ನು ನಾಲ್ಕನೇ ಒಂದು ಫೀಡ್‌ನಲ್ಲಿ, ಅಂದರೆ ನಿಮಿಷಕ್ಕೆ 120 ಇದ್ದರೆ 30ರಲ್ಲಿ, ಓಡಿಸಿ. ಆಕಾರ ಬದಲಾದರೆ ಕಾರಣ ಮೋಟರ್ ಅಥವಾ ಕಂಟ್ರೋಲರ್‌ನಲ್ಲಿದೆ. ಒಂದಿಷ್ಟೂ ಬದಲಾಗದಿದ್ದರೆ ಪ್ರೋಗ್ರಾಂ, ಟೂಲ್ ಇಲ್ಲವೇ ಸ್ಕ್ರೂಗಳಲ್ಲಿ ಹುಡುಕಿ. ಇದಕ್ಕಿಂತ ಕಡಿಮೆ ಖರ್ಚಿನ ಪರೀಕ್ಷೆ ಇನ್ನೊಂದಿಲ್ಲ.

ವ್ಯಾಸ ಸರಿ, ಭುಜ ಮಾತ್ರ ದಪ್ಪ: ನೋಸ್ ರೇಡಿಯಸ್

ಹೆಚ್ಚಿನ ಸಲ ಇದೇ ಕಾರಣ, ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಇನ್ಸರ್ಟಿನ, ಅಂದರೆ ಟೂಲ್ ತುದಿಗೆ ಕೂರಿಸುವ ಕಾರ್ಬೈಡ್ ತುಂಡಿನ, ಮೂಗು ಚೂಪಲ್ಲ. ಸಿಸಿಎಂಟಿ 060204 ಅಂದರೆ 0.4 ಮಿ.ಮೀ. ರೇಡಿಯಸ್, ಸಿಸಿಎಂಟಿ 09ಟಿ308 ಅಂದರೆ 0.8. ಟೂಲ್ ಸೆಟ್ ಮಾಡುವಾಗ ವ್ಯಾಸಕ್ಕೆ ಒಂದು ಸಲ, ಮುಖಕ್ಕೆ ಒಂದು ಸಲ ತಾಗಿಸುತ್ತೇವಲ್ಲ, ಆಗ ಕಂಟ್ರೋಲರ್ ತಿಳಿದುಕೊಳ್ಳುವುದು ಆ ಎರಡು ಗೆರೆ ಸೇರುವ ಮೂಲೆಯನ್ನು. ಆ ಮೂಲೆಯಲ್ಲಿ ಕಾರ್ಬೈಡ್ ಇಲ್ಲವೇ ಇಲ್ಲ, ಬರೀ ಗಾಳಿ. ಸಿಲಿಂಡರ್ ಕಡಿಯುವಾಗಲೂ ಫೇಸಿಂಗ್ ಮಾಡುವಾಗಲೂ ಇದರಿಂದ ತೊಂದರೆಯಿಲ್ಲ, ಆ ದಿಕ್ಕುಗಳಲ್ಲಿ ಮೂಗು ಆ ಗೆರೆಯನ್ನು ಮುಟ್ಟುತ್ತದೆ. ಓರೆಯಾದ ಜಾಗದಲ್ಲಿ ಮುಟ್ಟುವುದಿಲ್ಲ. 45 ಡಿಗ್ರಿಯಲ್ಲಿ ಕೊರತೆ ಅತಿ ಹೆಚ್ಚು, ನೋಸ್ ರೇಡಿಯಸ್‌ನ 0.414 ಪಟ್ಟು. 0.4 ಮೂಗಿಗೆ 0.17 ಮಿ.ಮೀ., 0.8 ಮೂಗಿಗೆ 0.33 ಮಿ.ಮೀ. ಲೋಹ ಕಡಿಯದೆ ಉಳಿಯುತ್ತದೆ.

ಲೆಕ್ಕ ಹಾಕಿ ನೋಡಿದರೆ ಇನ್ನೂ ಸ್ಪಷ್ಟ. ಉಬ್ಬು ಬಾಗಿನಲ್ಲಿ ನಿಜವಾಗಿ ಬರುವ ರೇಡಿಯಸ್, ಕೇಳಿದ್ದರಲ್ಲಿ ಮೂಗಿನಷ್ಟು ಕಡಿಮೆ. 10 ಕೇಳಿದರೆ 0.8 ಮೂಗಿನಲ್ಲಿ ಬರುವುದು 9.2, ಅದೂ ಕೇಂದ್ರ ಪಕ್ಕಕ್ಕೆ ಜರುಗಿ. ತಗ್ಗು ಬಾಗಿನಲ್ಲಿ ತಿರುಗಾಮುರುಗಾ: ಮೆಟ್ಟಿಲಿನ ಮೂಲೆಗೆ 5 ರೇಡಿಯಸ್ ಕೇಳಿದರೆ 5.8 ಬರುತ್ತದೆ. ಟೆಸ್ಟ್ ಪೀಸ್‌ನಲ್ಲಿ 12ರ ರಿಂಗ್ 3.00ರ ಬದಲು 3.39 ತೋರಿಸುತ್ತದೆ, 16ರ ರಿಂಗ್ 1.00ರ ಬದಲು 1.53. ಮೂಗು 0.4 ಆಗಿದ್ದರೆ 3.20 ಮತ್ತು 1.27. ನಿಮ್ಮ ಅಳತೆ ಈ ಅಂಕಿಗಳ ಹತ್ತಿರ ಬಂದು ಹೊರ ವ್ಯಾಸ 20.00 ಇದ್ದರೆ ಯಂತ್ರವನ್ನು ಬಿಚ್ಚಬೇಡಿ. ಯಂತ್ರ ಸರಿಯಾಗಿದೆ, ಟೂಲ್ ಎಷ್ಟು ದುಂಡಗಿದೆ ಅಂತ ಅದಕ್ಕೆ ಯಾರೂ ಹೇಳಿಲ್ಲ, ಅಷ್ಟೇ.

ಪರಿಹಾರ ಎರಡು ದಾರಿಯಲ್ಲಿದೆ. ಒಂದು, ಮೂಗಿಗೆ ತಕ್ಕಂತೆ ದಾರಿಯನ್ನು ಸರಿಸುವ ಜಿ41 ಇಲ್ಲವೇ ಜಿ42 ಆಜ್ಞೆಯನ್ನು ಕಂಟ್ರೋಲರ್‌ನಲ್ಲೇ ಹಾಕುವುದು. ಹೊರಮೈಯನ್ನು ಚಕ್ ಕಡೆಗೆ ಕಡಿಯುತ್ತ ಹೋಗುವಾಗ ಜಿ42. ಟೂಲ್ ಟೇಬಲ್‌ನಲ್ಲಿ ಮೂಗಿನ ಅಳತೆ ಮತ್ತು ಮೂಗು ಯಾವ ಕಡೆ ಮುಖ ಮಾಡಿದೆ ಅನ್ನುವ ಸಂಖ್ಯೆ ಎರಡೂ ಇರಬೇಕು. ಲಿನಕ್ಸ್‌ಸಿಎನ್‌ಸಿ (ಕಂಪ್ಯೂಟರ್‌ನಲ್ಲಿ ಓಡುವ ಕಂಟ್ರೋಲರ್ ತಂತ್ರಾಂಶ) ಟೇಬಲ್ ಕೇಳುವುದು ಮೂಗಿನ ವ್ಯಾಸವನ್ನು, ರೇಡಿಯಸ್ಸನ್ನಲ್ಲ. 0.4 ಮೂಗಿಗೆ 0.8 ಬರೆಯಬೇಕು. ಇಲ್ಲಿ ಎಡವಿದರೆ ತಪ್ಪು ಅರ್ಧಕ್ಕೆ ಇಳಿದು ನಿಲ್ಲುತ್ತದೆ, ಆಮೇಲೆ ಉಳಿದರ್ಧವನ್ನು ಬ್ಯಾಕ್‌ಲ್ಯಾಶ್ (ದಿಕ್ಕು ಬದಲಾದಾಗ ಸಡಿಲದಲ್ಲಿ ಕಳೆದುಹೋಗುವ ಚಲನೆ) ತಲೆಗೆ ಕಟ್ಟುವುದು ನಡೆಯುತ್ತದೆ. ದಿಕ್ಕಿನ ಸಂಖ್ಯೆ ಒಂದೊಂದು ಕಂಟ್ರೋಲರ್‌ನಲ್ಲಿ ಒಂದೊಂದು ರೀತಿ. ಫ್ಯಾನಕ್ ಪದ್ಧತಿಯಲ್ಲಿ ಹೊರಮೈ ಟೂಲ್‌ಗೆ 3, ಬೋರಿಂಗ್ ಬಾರ್‌ಗೆ 2. ಬೇರೆಯದಾದರೆ ಮ್ಯಾನುಯಲ್‌ನ ಚಿತ್ರ ನೋಡಿಯೇ ಹಾಕಿ. ಸಂಖ್ಯೆ ತಪ್ಪಿದರೆ ಆಕಾರದ ಜೊತೆ ಅಳತೆಯೂ ಜರುಗುತ್ತದೆ.

ಜಿ42 ಹಾಕಿದ ಮೊದಲ ಚಲನೆ ಮೂಗಿನ ವ್ಯಾಸಕ್ಕಿಂತ ಉದ್ದವಿರಲಿ, ಬಾಗಿನ ಆರಂಭಕ್ಕೆ ಸ್ಪರ್ಶರೇಖೆಯಾಗಿ ಬಂದು ಸೇರಲಿ. ಗೋಳದ ತುದಿಯಲ್ಲಿ ಸ್ಪರ್ಶರೇಖೆ ಎಕ್ಸ್ ದಿಕ್ಕಿನಲ್ಲಿದೆ, ಆದ್ದರಿಂದ ಎಕ್ಸ್−4 ಝಡ್0 ಕಡೆಯಿಂದ ಎಕ್ಸ್0ಗೆ ಬಂದು ಬಾಗು ಹಿಡಿಯುವುದು ಸರಿಯಾದ ಕ್ರಮ. ಇದಕ್ಕೂ ಮುಂಚೆ ಫೇಸಿಂಗ್ ಅನ್ನು ಎಕ್ಸ್0ಗೆ ನಿಲ್ಲಿಸದೆ ಮೂಗಿನ ವ್ಯಾಸದಷ್ಟು ಆಚೆ ತನಕ ಒಯ್ಯಿರಿ, 0.8 ಮೂಗಿಗೆ ಎಕ್ಸ್−1.6. ಇಲ್ಲದಿದ್ದರೆ ನಡುವೆ 1.6 ಮಿ.ಮೀ. ವ್ಯಾಸದ ಮೊಳೆ ಉಳಿದೇ ಉಳಿಯುತ್ತದೆ.

ಇನ್ನೊಂದು ದಾರಿ, ಚಿತ್ರದಿಂದ ಪ್ರೋಗ್ರಾಂ ಬರೆದುಕೊಡುವ ಕ್ಯಾಮ್ ತಂತ್ರಾಂಶದಲ್ಲೇ ಮೂಗಿನ ರೇಡಿಯಸ್ ಕೊಟ್ಟು, ಲೆಕ್ಕ ಹಾಕಿದ ದಾರಿಯನ್ನು ಕಂಟ್ರೋಲರ್‌ಗೆ ಕೊಡುವುದು. ಗ್ರಬ್ಲ್ ಎಂಬ ಕಂಟ್ರೋಲರ್ ತಂತ್ರಾಂಶ ಬಳಸುವವರಿಗೆ ಇದೊಂದೇ ದಾರಿ, ಅದರಲ್ಲಿ ಜಿ41, ಜಿ42 ಇಲ್ಲ. ಯಾವುದಾದರೂ ಒಂದೇ ಕಡೆ ಮಾಡಿ. ಎರಡೂ ಕಡೆ ಹಾಕಿದರೆ ಎರಡು ಸಲ ಕಳೆದು, ಭುಜ ಉಬ್ಬುವ ಬದಲು ತಗ್ಗಿಹೋಗುತ್ತದೆ.

ತುದಿ ಹೇಳುವ ಮಾತು

ತುದಿಯಲ್ಲಿ ಏನಾದರೂ ಸರಿಯಿಲ್ಲದಿದ್ದರೆ ಮೂರು ಕಾರಣಗಳನ್ನು ಬೇರೆ ಬೇರೆ ನೋಡಬೇಕು. ಕಣ್ಣಿಗೆ ಮೂರೂ ಒಂದೇ ಥರ ಕಾಣುತ್ತವೆ.

ಎಕ್ಸ್ ಆಫ್‌ಸೆಟ್, ಅಂದರೆ ಟೂಲ್ ತುದಿ ಎಲ್ಲಿದೆ ಅಂತ ಕಂಟ್ರೋಲರ್‌ಗೆ ಕೊಟ್ಟ ಅಳತೆ, ತಪ್ಪಿದ್ದರೆ ಹೊರ ವ್ಯಾಸವೂ ಅಷ್ಟೇ ತಪ್ಪಿರುತ್ತದೆ. ಟೂಲ್ ಇರಬೇಕಾದ್ದಕ್ಕಿಂತ 0.1 ಹೊರಗಿದ್ದರೆ ವ್ಯಾಸ 20.2, ತುದಿಯಲ್ಲಿ ಸಣ್ಣ ಚಪ್ಪಟೆ. ಒಳಗಿದ್ದರೆ ವ್ಯಾಸ 19.8, ತುದಿ ನಿಂಬೆಹಣ್ಣಿನ ಹಾಗೆ ಚೂಪಾಗುತ್ತದೆ. ಸರಿಪಡಿಸಲು ಒಂದು ಫಿನಿಶಿಂಗ್ ಕಟ್ ತೆಗೆದು, ಎಕ್ಸ್ ಅಲುಗಿಸದೆ ಝಡ್‌ನಲ್ಲಿ ಮಾತ್ರ ಹಿಂದೆ ಬಂದು, ಮೈಕ್ರೋಮೀಟರ್‌ನಲ್ಲಿ ಅಳೆದು, ಬಂದ ವ್ಯಾಸವನ್ನೇ ಆಫ್‌ಸೆಟ್‌ಗೆ ಕೊಡಿ. ಕಾಗದ ತಾಗಿಸಿ ಸೆಟ್ ಮಾಡುವುದು ಈ ಕೆಲಸಕ್ಕೆ ಸಾಲದು.

ಎಕ್ಸ್‌ನ ಸ್ಟೆಪ್ ಲೆಕ್ಕ (ಒಂದು ಮಿ.ಮೀ. ಚಲನೆಗೆ ಮೋಟರ್ ಎಷ್ಟು ಸ್ಟೆಪ್ ಇಡಬೇಕು ಅನ್ನುವುದು) ತಪ್ಪಿದ್ದರೆ ಅದು ಅಡಗಿಕೊಳ್ಳುತ್ತದೆ. 20ರಲ್ಲಿ ಟೂಲ್ ಸೆಟ್ ಮಾಡಿರುತ್ತೀರಿ, ಆದ್ದರಿಂದ 20ರಲ್ಲಿ ಅಳತೆ ಸರಿ. ಕೇಂದ್ರದ ಕಡೆ ಹೋದಷ್ಟೂ ತಪ್ಪು ಬೆಳೆಯುತ್ತದೆ. ಶೇಕಡಾ 1 ಕಡಿಮೆ ಚಲಿಸಿದರೆ ಕೇಂದ್ರದಲ್ಲಿ 0.1 ಮಿ.ಮೀ. ಬಾಕಿ. ಪರೀಕ್ಷೆ ಸುಲಭ: ಒಂದೇ ರಾಡ್‌ನಲ್ಲಿ 24 ಮತ್ತು 14 ವ್ಯಾಸ ಕಡಿದು ವ್ಯತ್ಯಾಸ ನೋಡಿ. 10.00 ಬರಬೇಕು. ಆಫ್‌ಸೆಟ್ ತಪ್ಪಿದ್ದರೂ ವ್ಯತ್ಯಾಸ ಮಾತ್ರ ಬದಲಾಗುವುದಿಲ್ಲ, ಅದಕ್ಕೇ ಈ ಪರೀಕ್ಷೆ ನಂಬಿಕಸ್ಥ. ಲೆಕ್ಕವೂ ನೇರ: 200 ಸ್ಟೆಪ್‌ನ ಮೋಟರ್, 8 ಮೈಕ್ರೋಸ್ಟೆಪ್, 4 ಮಿ.ಮೀ. ಲೀಡ್‌ನ 1204 ಬಾಲ್‌ಸ್ಕ್ರೂ ಅಂದರೆ ಮಿ.ಮೀ.ಗೆ 400. ಎರಡಕ್ಕೊಂದು ಬೆಲ್ಟ್ ಇದ್ದರೆ 800.

ಇಲ್ಲೇ ಒಂದು ಕೆಟ್ಟ ಅಭ್ಯಾಸದ ಬಗ್ಗೆ ಹೇಳಬೇಕು. ಡಿಸ್‌ಪ್ಲೇಯಲ್ಲಿ ವ್ಯಾಸ ಕಾಣಲಿ ಅಂತ ಎಕ್ಸ್ ಸ್ಟೆಪ್ ಸಂಖ್ಯೆಯನ್ನೇ ಅರ್ಧ ಮಾಡಿಬಿಡುತ್ತಾರೆ. ನೇರ ಕಡಿತಕ್ಕೆ ಇದು ನಡೆಯುತ್ತದೆ. ಬಾಗು ಬಂದ ಕೂಡಲೇ ಕಂಟ್ರೋಲರ್ ತನ್ನ ಲೆಕ್ಕದಲ್ಲಿ ವೃತ್ತ ಹಾಕುತ್ತದೆ, ಲೋಹದ ಮೇಲೆ ಅದು ದೀರ್ಘವೃತ್ತವಾಗುತ್ತದೆ. ಸ್ಟೆಪ್ ಸಂಖ್ಯೆ ಯಾವಾಗಲೂ ಸ್ಲೈಡ್ ನಿಜವಾಗಿ ಚಲಿಸುವ ದೂರಕ್ಕೆ ಹೊಂದಿರಬೇಕು, ವ್ಯಾಸ ಬೇಕೆಂದರೆ ವ್ಯಾಸದ ಮೋಡ್ ಹಾಕಿ. ಲಿನಕ್ಸ್‌ಸಿಎನ್‌ಸಿಯಲ್ಲಿ ಅದು ಜಿ7, ರೇಡಿಯಸ್ ಮೋಡ್ ಜಿ8. ಜಿ7ರಲ್ಲೂ ಎಕ್ಸ್ ಮಾತ್ರ ವ್ಯಾಸ, ಐ ಮತ್ತು ಆರ್ ಎರಡೂ ರೇಡಿಯಸ್ ಲೆಕ್ಕದಲ್ಲೇ ಇರುತ್ತವೆ.

ಮೂರನೆಯದು ಸೆಂಟರ್ ಹೈಟ್, ಅಂದರೆ ಟೂಲ್ ತುದಿ ರಾಡಿನ ಅಕ್ಷದ ಎತ್ತರಕ್ಕೇ ಇದೆಯೇ ಅನ್ನುವುದು. ಟೂಲ್ 0.2 ಕೆಳಗಿದ್ದರೆ 20 ವ್ಯಾಸದಲ್ಲಿ ಗೊತ್ತೇ ಆಗುವುದಿಲ್ಲ, ರೇಡಿಯಸ್ 10.002 ಬರುತ್ತದೆ. 2 ವ್ಯಾಸ ಬರಬೇಕಾದಲ್ಲಿ 2.04 ಬರುತ್ತದೆ, ನಟ್ಟನಡುವೆ 0.4 ಮಿ.ಮೀ. ವ್ಯಾಸದ ಮೊಳೆ ನಿಲ್ಲುತ್ತದೆ. ಫೇಸಿಂಗ್ ಅನ್ನು ಕೇಂದ್ರದಾಚೆ ಎಷ್ಟು ಒಯ್ದರೂ ಮೊಳೆ ಹೋಗದಿದ್ದರೆ ಹೈಟ್ ಕೆಳಗಿದೆ ಅಂತಲೇ ಅರ್ಥ, ಆಚೆ ಒಯ್ದಾಗ ಹೋದರೆ ಆಫ್‌ಸೆಟ್, ಸ್ಟೆಪ್ ಇಲ್ಲವೇ ಮೂಗಿನ ಲೆಕ್ಕ. ಹೈಟ್ ಮೇಲಿದ್ದರೆ ಟೂಲಿನ ಹೊಟ್ಟೆ ಉಜ್ಜಿ ಮೊಳೆ ಮುರಿದಂತೆ ಕಾಣುತ್ತದೆ. ಟೂಲ್ ತುದಿ ಮತ್ತು ರಾಡ್ ನಡುವೆ ಸ್ಟೀಲ್ ಸ್ಕೇಲ್ ಹಗುರಾಗಿ ಸಿಕ್ಕಿಸಿ: ಸ್ಕೇಲ್ ನೆಟ್ಟಗೆ ನಿಂತರೆ ಸರಿ, ಮೇಲ್ತುದಿ ನಿಮ್ಮ ಕಡೆ ವಾಲಿದರೆ ಮುಂದಿನ ಟೂಲ್‌ಪೋಸ್ಟ್‌ನಲ್ಲಿ ಟೂಲ್ ಕೆಳಗಿದೆ, ಆಚೆ ವಾಲಿದರೆ ಮೇಲಿದೆ. ಕೊನೆಯ 0.05ಕ್ಕೆ ಶಿಮ್ ಹಾಕಿ, ಫೇಸಿಂಗ್ ಮಾಡಿ ಮೊಳೆ ನೋಡುತ್ತಾ ಸರಿಪಡಿಸಿ.

ಪೂರ್ತಿ ಗುಂಡಿನಲ್ಲಿ ನಡುಪಟ್ಟಿ: ಬ್ಯಾಕ್‌ಲ್ಯಾಶ್

ಅರ್ಧಗೋಳ ಕಡಿಯುವಾಗ ಎಕ್ಸ್ ಹೊರಗೆ, ಝಡ್ ಚಕ್ ಕಡೆಗೆ, ಎರಡೂ ಒಂದೇ ದಿಕ್ಕಿನಲ್ಲಿ ಹೋಗುತ್ತವೆ. ಹಾಗಾಗಿ ಬ್ಯಾಕ್‌ಲ್ಯಾಶ್ ಅಲ್ಲಿ ಅಷ್ಟಾಗಿ ಕಾಣುವುದಿಲ್ಲ. ಹ್ಯಾಂಡಲ್‌ನ ಗುಂಡಿನಂಥ ಪೂರ್ತಿ ಗೋಳದಲ್ಲಿ ನಡುವಿನ ಅತಿ ದಪ್ಪ ಜಾಗ ದಾಟಿದ ಮೇಲೆ ಎಕ್ಸ್ ಹಿಂದಿರುಗಬೇಕು. ನಟ್‌ನಲ್ಲಿ ಪ್ಲೇ ಇದ್ದಷ್ಟು ಹೊತ್ತು ಮೋಟರ್ ತಿರುಗುತ್ತದೆ, ಸ್ಲೈಡ್ ನಿಂತಿರುತ್ತದೆ. 10 ರೇಡಿಯಸ್‌ನಲ್ಲಿ 0.05 ಪ್ಲೇ ಇದ್ದರೆ ಸರಿಯಾಗಿ 1 ಮಿ.ಮೀ. ಅಗಲದ ಸಿಲಿಂಡರ್ ಪಟ್ಟಿ ಬೀಳುತ್ತದೆ, ಅದರಿಂದಾಚೆ ಇಡೀ ಹಿಂಭಾಗ ವ್ಯಾಸದಲ್ಲಿ 0.1 ದಪ್ಪ. ಇದರ ಸೂತ್ರ √(2 × ರೇಡಿಯಸ್ × ಪ್ಲೇ). ಪಟ್ಟಿಯ ಅಗಲ ಅಳೆದು ಹಿಮ್ಮುಖವಾಗಿ ಪ್ಲೇ ಎಷ್ಟೆಂದು ಕಂಡುಕೊಳ್ಳಬಹುದು.

ಡಯಲ್ ಇಟ್ಟು ನೇರವಾಗಿಯೂ ನೋಡಿ. ಮ್ಯಾಗ್ನೆಟ್ ಬೇಸ್ ಅನ್ನು ಬೆಡ್ ಮೇಲಲ್ಲ, ಸ್ಯಾಡಲ್ ಮೇಲೆ ಕೂರಿಸಿ, ಡಯಲ್ ತುದಿ ಕ್ರಾಸ್ ಸ್ಲೈಡ್‌ಗೆ ತಾಗಲಿ. ಒಂದೇ ದಿಕ್ಕಿನಲ್ಲಿ 0.1ರಂತೆ ಕೆಲವು ಸಲ ಸರಿಸಿ, ಡಯಲ್ ಸೊನ್ನೆ ಮಾಡಿ, ಹಿಂದಕ್ಕೆ 0.1ರಂತೆ ಸರಿಸುತ್ತ ಎಷ್ಟು ಕಳೆದುಹೋಯಿತು ನೋಡಿ. ಸ್ಕ್ರೂವಿನ ಎರಡು ಮೂರು ಜಾಗದಲ್ಲಿ ಮಾಡಿ, ಹೆಚ್ಚು ಬಳಸಿದ ಕಡೆ ಸವೆತ ಹೆಚ್ಚಿರುತ್ತದೆ.

ಪ್ಲೇ ಎಲ್ಲಿಂದ ಬಂತು ಅನ್ನುವುದು ಬೇರೆ ಪ್ರಶ್ನೆ. ಡಯಲ್ ತುದಿಯನ್ನು ಸ್ಕ್ರೂವಿನ ತುದಿಗೆ ಹಿಡಿದು, ಕೈಯಲ್ಲಿ ಸ್ಲೈಡ್ ತಳ್ಳಿ ಎಳೆಯಿರಿ. ಸ್ಕ್ರೂವೇ ಹಿಂದೆ ಮುಂದೆ ಆಡಿದರೆ ಥ್ರಸ್ಟ್ ಬೇರಿಂಗ್ ಸಡಿಲ, ನಟ್ ತಪ್ಪಲ್ಲ. ಆಂಗ್ಯುಲರ್ ಕಾಂಟ್ಯಾಕ್ಟ್ ಬೇರಿಂಗ್ ಜೋಡಿ ಹಾಕಿ ಲಾಕ್‌ನಟ್ ಬಿಗಿದರೆ ಅದು ಹೋಗುತ್ತದೆ. ಸ್ಕ್ರೂ ಅಲುಗದೆ ಸ್ಲೈಡ್ ಮಾತ್ರ ಅಲುಗಿದರೆ ನಟ್. ಸ್ಲೈಡ್ ಪಕ್ಕಕ್ಕೆ ವಾಲಿದರೆ ಜಿಬ್, ಅಂದರೆ ಸ್ಲೈಡಿನ ಸಡಿಲ ಹೊಂದಿಸುವ ಪಟ್ಟಿ. ಕಪ್ಲಿಂಗ್‌ನ ಗ್ರಬ್ ಸ್ಕ್ರೂ ಜಾರಿದೆಯೇ ಅನ್ನುವುದನ್ನು ಶಾಫ್ಟ್ ಮೇಲೆ ಮಾರ್ಕರ್ ಗೆರೆ ಎಳೆದು ನೋಡಿ.

ತಂತ್ರಾಂಶದಲ್ಲಿ ಬ್ಯಾಕ್‌ಲ್ಯಾಶ್ ತುಂಬಿಸುವುದು ಕೊನೆಯ ಮಾತು. ಲಿನಕ್ಸ್‌ಸಿಎನ್‌ಸಿಯ ಐಎನ್‌ಐ ಫೈಲ್‌ನಲ್ಲಿ ಆಯಾ ಜಾಯಿಂಟ್ ಕೆಳಗೆ ಬ್ಯಾಕ್‌ಲ್ಯಾಶ್ ಬೆಲೆ ಕೊಡಬಹುದು. ಕೊಟ್ಟಾಗ ಸ್ಟೆಪ್‌ಜೆನ್‌ನ (ಸ್ಟೆಪ್ ಪಲ್ಸ್ ಹುಟ್ಟಿಸುವ ಭಾಗದ) ಗರಿಷ್ಠ ಆಕ್ಸಿಲರೇಶನ್ ಅನ್ನು ಆಕ್ಸಿಸ್‌ನದಕ್ಕಿಂತ ಒಂದೂವರೆಯಿಂದ ಎರಡು ಪಟ್ಟು ಇಡಿ, ಇಲ್ಲದಿದ್ದರೆ ಚಲನೆ ಆಜ್ಞೆಗಿಂತ ಹಿಂದುಳಿಯಿತು ಅನ್ನುವ ಫಾಲೋಯಿಂಗ್ ಎರರ್ ಬರುತ್ತದೆ. ಆದರೆ ಈ ಬೆಲೆ ಸ್ಲೈಡನ್ನು ಹಿಡಿದು ನಿಲ್ಲಿಸುವುದಿಲ್ಲ. ಕಟಿಂಗ್ ಒತ್ತಡಕ್ಕೆ ಟೂಲ್ ಆ ಪ್ಲೇ ಒಳಗೇ ತೇಲುತ್ತಿರುತ್ತದೆ. 0.02, 0.03ಕ್ಕೆ ಸರಿ. 0.1ಕ್ಕಿಂತ ಹೆಚ್ಚಿದ್ದರೆ ಕಬ್ಬಿಣದಲ್ಲೇ ಸರಿಮಾಡಿ.

ಹಿಂಭಾಗ ಗೋಳವೇ ಅಲ್ಲ, ಕೋನ್

ಗುಂಡಿನ ಹಿಂಬದಿ ನೇರ ಇಳಿಜಾರಾಗಿ, ಉಜ್ಜಿದ ಹೊಳಪಿನೊಂದಿಗೆ ಬಂದರೆ ಇನ್ಸರ್ಟಿನ ಹಿಂದಿನ ಅಂಚು ಲೋಹವನ್ನು ತಿಂದಿದೆ. 95 ಡಿಗ್ರಿ ಎಸ್‌ಸಿಎಲ್‌ಸಿಆರ್ ಹೋಲ್ಡರ್‌ನಲ್ಲಿ 80 ಡಿಗ್ರಿ ಸಿಸಿಎಂಟಿಗೆ ಹಿಂದೆ ಉಳಿಯುವುದು 5 ಡಿಗ್ರಿ ಮಾತ್ರ. ಎಸ್‌ಡಿಜೆಸಿಆರ್‌ನಲ್ಲಿ 55 ಡಿಗ್ರಿಯ ಡಿಸಿಎಂಟಿಗೆ 32, ಎಸ್‌ವಿಜೆಸಿಆರ್‌ನಲ್ಲಿ 35 ಡಿಗ್ರಿಯ ವಿಸಿಎಂಟಿಗೆ 52. ಇದರಲ್ಲಿ ಎರಡು ಡಿಗ್ರಿ ಬಿಟ್ಟು ಲೆಕ್ಕ ಹಾಕಿ. 20 ಮಿ.ಮೀ. ಗುಂಡಿಗೆ ಡಿಸಿಎಂಟಿಯಲ್ಲಿ ಕತ್ತು 17.3 ಮಿ.ಮೀ.ಗಿಂತ ಸಣ್ಣದಾಗಲು ಸಾಧ್ಯವಿಲ್ಲ, ವಿಸಿಎಂಟಿಯಲ್ಲಿ 12.9. 10 ಮಿ.ಮೀ. ಕತ್ತು ಬೇಕಾದರೆ ಇಳಿಜಾರು 60 ಡಿಗ್ರಿ ಮುಟ್ಟುತ್ತದೆ, ಅಲ್ಲಿಗೆ ಎರಡೂ ಕಡೆ 72.5 ಡಿಗ್ರಿ ಬಿಡುವಿರುವ ಎಸ್‌ವಿವಿಸಿಎನ್ ನೇರ ಹೋಲ್ಡರ್ ಬೇಕು. ಇಲ್ಲವೇ 2 ಮಿ.ಮೀ. ಅಗಲದ ಎಂಆರ್‌ಎಂಎನ್ 200 ದುಂಡು ಗ್ರೂವಿಂಗ್ ಇನ್ಸರ್ಟ್, ಅದರ ಮೂಗು 1.0. ಟೂಲ್ ಬದಲಿಸಿದ ಕೂಡಲೇ ಟೇಬಲ್‌ನಲ್ಲಿ ಮೂಗಿನ ಅಳತೆಯನ್ನೂ ದಿಕ್ಕಿನ ಸಂಖ್ಯೆಯನ್ನೂ ಬದಲಿಸುವುದು ಮರೆಯಬಾರದು.

ನಿಧಾನ ಫೀಡ್‌ನಲ್ಲಿ ಸರಿಹೋದರೆ

ಮೂಲೆಗಳು ಉರುಟಾಗಿ, ಬಾಗುಗಳು ಒಳಗೆ ಜರುಗಿದಂತಿದ್ದರೆ ಕಂಟ್ರೋಲರ್ ವೇಗ ಉಳಿಸಿಕೊಳ್ಳಲು ದಾರಿಯನ್ನು ಕತ್ತರಿಸುತ್ತಿದೆ. ಬರೀ ಜಿ64 ಅಂದರೆ ವೇಗಕ್ಕೇ ಆದ್ಯತೆ. ಜಿ64 ಪಿ0.005 ಅಂತ ಮಿತಿ ಕೊಡಿ. ಕ್ಯಾಮ್‌ನಿಂದ ಬಾಗುಗಳು ಚಿಕ್ಕ ಚಿಕ್ಕ ನೇರ ತುಂಡುಗಳಾಗಿ ಬಂದಿದ್ದರೆ ಟಾಲರೆನ್ಸ್ 0.01ಕ್ಕೆ ಇಳಿಸಿ, ಆದಷ್ಟು ಜಿ02, ಜಿ03 (ಬಾಗಿನ ಆಜ್ಞೆ) ರೂಪದಲ್ಲೇ ಹೊರಬರುವಂತೆ ಪೋಸ್ಟ್, ಅಂದರೆ ಕ್ಯಾಮ್ ದಾರಿಯನ್ನು ಕಂಟ್ರೋಲರ್ ಭಾಷೆಗೆ ಬದಲಿಸುವ ಭಾಗ, ಆಯ್ಕೆ ಮಾಡಿ. ಮುಂದಿನ ಟೂಲ್‌ಪೋಸ್ಟ್‌ನಲ್ಲಿ ನಿಂತು ನೋಡಿದಾಗ ಜಿ02, ಜಿ03 ಅದಲುಬದಲಾದಂತೆ ಕಾಣುತ್ತವೆ. ಎಕ್ಸ್ ಪ್ಲಸ್ ದಿಕ್ಕು ಅಕ್ಷದಿಂದ ಹೊರಗಿರುವ ತನಕ ಪ್ರೋಗ್ರಾಂ ಎರಡಕ್ಕೂ ಒಂದೇ, ಅದಲುಬದಲು ಮಾಡಬೇಡಿ.

ಸ್ಟೆಪ್ ಕಳೆದುಹೋಗುತ್ತಿದ್ದರೆ ಸ್ಪಿಂಡಲ್ ನಿಲ್ಲಿಸಿ, ಗಾಳಿಯಲ್ಲಿ ಪ್ರೋಗ್ರಾಂ ಹತ್ತು ಸಲ ಓಡಿಸಿ ಎಕ್ಸ್ ಸೊನ್ನೆಗೆ ವಾಪಸು ಬಂದಾಗ ಡಯಲ್ ನೋಡಿ. ಒಮ್ಮೆ ಇಷ್ಟು ಒಮ್ಮೆ ಅಷ್ಟು ತಪ್ಪಿದರೆ ಟಾರ್ಕ್ ಸಾಲುತ್ತಿಲ್ಲ: ಆಕ್ಸಿಲರೇಶನ್ ಅರ್ಧ ಮಾಡಿ, ಜಿಬ್ ಅತಿ ಬಿಗಿಯಾಗಿದೆಯೇ ನೋಡಿ. ಪ್ರತಿ ಸಲವೂ ಒಂದೇ ಪ್ರಮಾಣದಲ್ಲಿ ಒಂದೇ ದಿಕ್ಕಿಗೆ ಜರುಗಿದರೆ, ವೇಗ ಇಳಿಸಿದರೂ ಹಾಗೇ ಇದ್ದರೆ, ಸ್ಟೆಪ್ ಪಲ್ಸ್‌ನ ಪೊಲಾರಿಟಿ ತಿರುಗಿದೆ ಇಲ್ಲವೇ ಡೈರೆಕ್ಷನ್ ಸಿಗ್ನಲ್‌ಗೆ ಸಮಯ ಸಾಲುತ್ತಿಲ್ಲ. ದಿಕ್ಕು ಬದಲಾದಾಗಲೆಲ್ಲ ಒಂದು ಸ್ಟೆಪ್ ಜಾರುತ್ತದೆ. ಮಿ.ಮೀ.ಗೆ 400 ಸ್ಟೆಪ್ ಇದ್ದರೆ ಒಂದು ಸ್ಟೆಪ್ 0.0025 ಅಷ್ಟೇ, ಆದರೆ ರಫಿಂಗ್‌ನಲ್ಲಿ 40 ಸಲ ಜಾರಿದರೆ ವ್ಯಾಸದಲ್ಲಿ 0.2 ಹೋಯಿತು.

ಇಷ್ಟೆಲ್ಲ ಸರಿಯಿದ್ದೂ ಸಣ್ಣ ವ್ಯತ್ಯಾಸ ಉಳಿದರೆ ಏನೂ ಬದಲಿಸದೆ ಕೊನೆಯ ಪಾಸನ್ನು ಇನ್ನೊಮ್ಮೆ ಓಡಿಸಿ. ಎರಡನೇ ಸಲವೂ ಚಿಪ್ಸ್ ಬಂದರೆ ಜಾಬ್ ಇಲ್ಲವೇ ಟೂಲ್ ಬಾಗುತ್ತಿದೆ. ರಾಡ್ ಕಡಿಮೆ ಹೊರಗೆ ಬಿಡಿ, ಅಲ್ಯೂಮಿನಿಯಂಗೆ ಪಾಲಿಶ್ ಮಾಡಿದ ಸಿಸಿಜಿಟಿ, ಡಿಸಿಜಿಟಿ ಚೂಪು ಇನ್ಸರ್ಟ್ ಹಾಕಿ. ಟೂಲ್ ಸೆಟ್ ಮಾಡುವಾಗ ತೆಗೆದ ಕಟ್‌ನ ಆಳ ಮತ್ತು ಕೊನೆಯ ಪಾಸ್‌ನ ಆಳ ಒಂದೇ ಇರಲಿ, ಆಗ ಬಾಗುವುದೂ ಎರಡೂ ಸಲ ಒಂದೇ ಇದ್ದು ಅಳತೆಯಿಂದ ಹೊರಟುಹೋಗುತ್ತದೆ. ಎಮರಿ ಪೇಪರ್ ಹಿಡಿಯುವುದಿದ್ದರೆ ರಿಂಗ್‌ಗಳಲ್ಲಿ ಅಳೆದು ಮುಗಿಸಿದ ಮೇಲೆ ಹಿಡಿಯಿರಿ.